‘ಆಗಲ್ಲ’ ಎನ್ನುವುದಕ್ಕೂ ಮೊದಲು: ತಂತ್ರಾಂಶ ವೃತ್ತಿಯ ನೀತಿ ಕುರಿತ ಎರಡು ಅವಧಿಯ ಪಾಠ

ಎನ್‌ಸಿಇಆರ್‌ಟಿಯ 11ನೇ ತರಗತಿ ಗಣಕ ವಿಜ್ಞಾನ ಪುಸ್ತಕದ ಕೊನೆಯ ಅಧ್ಯಾಯ ಗಣಕದ ಸಾಮಾಜಿಕ ಪರಿಣಾಮಗಳನ್ನು ಕುರಿತದ್ದು. ಕೊನೆಯ ಅಧ್ಯಾಯವೆಂದ ಮೇಲೆ ಅದರ ಗತಿ ಏನೆಂದು ಬೋಧಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೋರ್ಷನ್ ಮುಗಿಸುವ ಧಾವಂತದಲ್ಲಿ ಒಂದು ಅವಧಿ ಸಿಕ್ಕರೆ ಪುಣ್ಯ. ‘ಸುಲಭವಿದೆ, ಮನೆಯಲ್ಲಿ ಓದಿಕೊಳ್ಳಿ’ ಎನ್ನುವುದೇ ಹೆಚ್ಚು. ಅಧ್ಯಾಯವೇನೋ ಚೆನ್ನಾಗಿಯೇ ಇದೆ. ಅಂತರ್ಜಾಲದಲ್ಲಿ ಸಭ್ಯವಾಗಿ ವರ್ತಿಸುವುದು, ಬೇರೆಯವರ ಕೃತಿ ಕದಿಯದಿರುವುದು, ಸೈಬರ್ ಅಪರಾಧ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ಇ-ತ್ಯಾಜ್ಯ ಎಲ್ಲವೂ ಅಲ್ಲಿವೆ. ಆದರೆ ಆ ಅಧ್ಯಾಯದಲ್ಲಿ ವಿದ್ಯಾರ್ಥಿ ಬಹುಮಟ್ಟಿಗೆ ಗಣಕವನ್ನು ಬಳಸುವವನು. ಅದರ ಹಿಂದಿನ ಆರು ಅಧ್ಯಾಯಗಳಲ್ಲಿ ಅವನಿಗೆ ಪೈಥಾನ್ ಕಲಿಸಿ, ತಂತ್ರಾಂಶ ಮಾಡುವವನನ್ನಾಗಿ ತಯಾರು ಮಾಡಿರುತ್ತೇವೆ. ಮಾಡುವವನ ನೀತಿ ಏನು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಜಾಗ ಕಡಿಮೆ.

ಗಣಕ ವಿಜ್ಞಾನ ಬೋಧನಾ ವಿಧಾನದ ನಮ್ಮ ಪ್ರಶಿಕ್ಷಣಾರ್ಥಿಗಳಿಗಾಗಿ ಈ ವರ್ಷ ನಾನು ಕೊಟ್ಟ ಮಾದರಿ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡೆ. ಅಭ್ಯಾಸ ಬೋಧನೆಗೆ ನಾವು ಹೋಗುವ ಪದವಿಪೂರ್ವ ಕಾಲೇಜಿನ ಪ್ರಥಮ ವರ್ಷದ ತರಗತಿ, 38 ವಿದ್ಯಾರ್ಥಿಗಳು, ಸತತ ಎರಡು ದಿನ ಒಂದೊಂದು ಅವಧಿ. ಹಿಂದಿನ ಬೆಂಚುಗಳಲ್ಲಿ ಏಳು ಜನ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. ಪಾಠ ಹೇಗೆ ಸಾಗಿತು, ಯಾವ ನಿರ್ಧಾರವನ್ನು ಏಕೆ ತೆಗೆದುಕೊಂಡೆ, ಆಮೇಲೆ ನಮ್ಮೊಳಗೆ ಯಾವ ಚರ್ಚೆ ಆಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಉದ್ದೇಶವನ್ನು ಬರೆಯುವಾಗಲೇ ಒಂದು ತೊಡಕು ಎದುರಾಯಿತು. ‘ವಿದ್ಯಾರ್ಥಿಯು ವೃತ್ತಿ ಮೌಲ್ಯಗಳನ್ನು ಮೆಚ್ಚುತ್ತಾನೆ’ ಎಂದು ಪಾಠ ಯೋಜನೆಯಲ್ಲಿ ಬರೆಯುವ ರೂಢಿ ನಮ್ಮಲ್ಲಿದೆ. ಮೆಚ್ಚುವುದನ್ನು ಅಳೆಯುವುದು ಹೇಗೆ? ಹದಿನಾರರ ಹುಡುಗರೆಲ್ಲ ಪ್ರಾಮಾಣಿಕತೆಯನ್ನು ಮೆಚ್ಚುತ್ತಾರೆ. ಕೇಳಿದರೆ ಐದು ಅಂಕದ ಉತ್ತರ ಬರೆದುಕೊಡುತ್ತಾರೆ. ನಾನು ಬರೆದ ಉದ್ದೇಶ ಇದು: ‘ತಪ್ಪು ಎನಿಸುವ ಕೆಲಸವನ್ನು ವಹಿಸಿದಾಗ ಮೊದಲ ದಿನ ಯಾರಿಗೆ, ಯಾವ ಮಾತಿನಲ್ಲಿ, ಏನು ಬರೆಯಬೇಕು ಎಂಬುದನ್ನು ವಿದ್ಯಾರ್ಥಿಯು ಬರೆದು ತೋರಿಸುತ್ತಾನೆ.’ ಮೌಲ್ಯ ಮನಸ್ಸಿನಲ್ಲಿ ಇರುವುದು ಬೇರೆ, ಅದರಂತೆ ನಡೆಯುವುದು ಬೇರೆ. ನಡೆಯುವುದು ಒಂದು ಕೌಶಲ. ಕೌಶಲವಾದರೆ ಅದನ್ನು ಅಭ್ಯಾಸ ಮಾಡಿಸಬಹುದು ಎಂಬುದು ನನ್ನ ನಿಲುವು.

ಮೊದಲ ಅವಧಿ

ಪಾಠ ಪ್ರವೇಶಕ್ಕೆ ಪೆಟ್ರೋಲ್ ಬಂಕ್ ಸಾಕಾಯಿತು. ಬಂಕಿನ ಪಕ್ಕ ನಿಲ್ಲುವ ಎಮಿಷನ್ ಟೆಸ್ಟ್ ವ್ಯಾನನ್ನು ನೋಡದ ಮಗು ಇರಲಿಲ್ಲ. ‘ಗಾಡಿಗೇ ತನ್ನನ್ನು ಈಗ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಗೊತ್ತಾದರೆ?’ ಎಂದು ಕೇಳಿದೆ. ನಗು ಬಂತು. ‘ಗಾಡಿಗೆ ಹೇಗೆ ಗೊತ್ತಾಗುತ್ತೆ ಮೇಡಂ?’ ಎಂದು ಒಬ್ಬ ಕೇಳಿದ. ಪಾಠಕ್ಕೆ ಬೇಕಾಗಿದ್ದ ಪ್ರಶ್ನೆ ಅವನ ಬಾಯಿಂದಲೇ ಬಂತು.

ಅಲ್ಲಿಂದ ಫೋಕ್ಸ್‌ವ್ಯಾಗನ್ ಪ್ರಕರಣಕ್ಕೆ ಬಂದೆ. ಅಮೆರಿಕದಲ್ಲಿ ಕಾರಿನ ಹೊಗೆ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಯಾವಾಗ ಎಷ್ಟು ವೇಗ, ಎಷ್ಟು ಹೊತ್ತು ಎಂಬುದೆಲ್ಲ ಮೊದಲೇ ಗೊತ್ತುಪಡಿಸಿದ್ದು. ಸ್ಟಿಯರಿಂಗ್ ತಿರುಗಿಸುವ ಅಗತ್ಯವೇ ಇಲ್ಲ. ಸ್ಟಿಯರಿಂಗ್ ಇರುವ ಕೋನ, ವೇಗ, ಇಂಜಿನ್ ಓಡಿದ ಹೊತ್ತು, ಗಾಳಿಯ ಒತ್ತಡ ಇವನ್ನು ಗಮನಿಸಿದರೆ ಕಾರು ಪರೀಕ್ಷೆಯಲ್ಲಿದೆಯೋ ರಸ್ತೆಯಲ್ಲಿದೆಯೋ ಎಂದು ಇಂಜಿನ್ ನಿಯಂತ್ರಿಸುವ ತಂತ್ರಾಂಶ ಊಹಿಸಬಲ್ಲದು. ಆ ಕಂಪನಿಯ ಡೀಸೆಲ್ ಕಾರುಗಳಲ್ಲಿ ಅದು ಹಾಗೆಯೇ ಊಹಿಸುತ್ತಿತ್ತು. ಪರೀಕ್ಷೆ ಎನಿಸಿದರೆ ಹೊಗೆ ಶುದ್ಧಿ ಮಾಡುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿತ್ತು. ರಸ್ತೆ ಎನಿಸಿದರೆ ಅದರ ಕೆಲಸ ತಗ್ಗುತ್ತಿತ್ತು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು ಮಿತಿಯ 40 ಪಟ್ಟಿನವರೆಗೂ ಹೊರಬರುತ್ತಿದ್ದವು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರ ಸೆಪ್ಟೆಂಬರ್ 18ರಂದು ಕೊಟ್ಟ ನೋಟಿಸಿನ ಜೊತೆಗೇ ಪ್ರಕಟಿಸಿತು. ಜಗತ್ತಿನಾದ್ಯಂತ ಅಂಥ ತಂತ್ರಾಂಶ ಇದ್ದ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಭಾರತದಲ್ಲೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಂತ್ರಾಂಶ ಬದಲಿಸಲು ವಾಪಸು ಕರೆಯುವುದಾಗಿ ಕಂಪನಿ ಪ್ರಕಟಿಸಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 500 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಆದೇಶ ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕಪ್ಪು ಹಲಗೆಯ ಮೇಲೆ ನಾಲ್ಕೇ ಸಾಲು ಬರೆದೆ. ಇದು ನಿಜವಾದ ಸಂಕೇತವಲ್ಲ, ಅದರ ತಿರುಳು ಮಾತ್ರ ಎಂದೂ ಹೇಳಿದೆ.

ಚಕ್ರ ತಿರುಗುತ್ತಿದ್ದು, ಸ್ಟಿಯರಿಂಗ್ ನೇರವಾಗಿಯೇ ಇದ್ದರೆ:
ಶುದ್ಧೀಕರಣ = ಪೂರ್ಣ
ಇಲ್ಲವಾದರೆ:
ಶುದ್ಧೀಕರಣ = ಕಡಿಮೆ

‘ಇಷ್ಟೇನಾ ಮೇಡಂ? ಇದು ಇಫ್–ಎಲ್ಸ್!’ ಎಂದು ಮುಂದಿನ ಬೆಂಚಿನ ಹುಡುಗಿ ಉದ್ಗರಿಸಿದಳು. ಅಷ್ಟೇ. ಎರಡು ತಿಂಗಳ ಹಿಂದೆ ಅವರು ಅಂಕ 35ಕ್ಕಿಂತ ಕಡಿಮೆಯಾದರೆ ‘ಅನುತ್ತೀರ್ಣ’ ಎಂದು ಮುದ್ರಿಸಲು ಬರೆದ ಪ್ರೋಗ್ರಾಮಿನ ರಚನೆಯೇ ಇದು. ಈ ಗಳಿಗೆಗಾಗಿಯೇ ನಾನು ಈ ಪ್ರಕರಣ ಆರಿಸಿದ್ದು. ನೀತಿಯ ಪ್ರಶ್ನೆ ಎಲ್ಲೋ ದೊಡ್ಡ ಕಂಪನಿಯ ದೊಡ್ಡವರ ಕೋಣೆಯಲ್ಲಿ ಹುಟ್ಟುತ್ತದೆ ಎಂದು ಮಕ್ಕಳು ಭಾವಿಸಿರುತ್ತಾರೆ. ಅದು ತಮಗೆ ಈಗಾಗಲೇ ಬರೆಯಲು ಬರುವ ನಾಲ್ಕು ಸಾಲಿನಲ್ಲಿ ಇರಬಹುದು ಎಂದು ಕಂಡಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಡಗಿತು. ಹೊಸದಾಗಿ ಪಾಠ ಮಾಡುವವರು ಇಂಥ ಮೌನಕ್ಕೆ ಹೆದರಿ ತಕ್ಷಣ ಮುಂದಿನ ಪ್ರಶ್ನೆ ಎಸೆಯುತ್ತಾರೆ. ಎಸೆಯಬೇಡಿ. ಹತ್ತು ಎಣಿಸಿ.

ಇದು ಬಯಲಾದ ಬಗೆಯನ್ನು ಮಕ್ಕಳು ಕತೆಯಂತೆ ಕೇಳಿದರು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ 2013ರಲ್ಲಿ ಹೊಗೆ ಅಳೆಯುವ ಉಪಕರಣವನ್ನು ಡಿಕ್ಕಿಯಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಡೀಸೆಲ್ ಕಾರುಗಳನ್ನು ಓಡಿಸಿತು. ಭಾರತದಿಂದ ಹೋದ ಸಂಶೋಧಕರೂ ಆ ತಂಡದಲ್ಲಿದ್ದರು. ಮೋಸ ಹಿಡಿಯಬೇಕೆಂದು ಹೊರಟವರಲ್ಲ. ಪ್ರಯೋಗಾಲಯದ ಲೆಕ್ಕ ರಸ್ತೆಯಲ್ಲೂ ಹಾಗೆಯೇ ಬರುತ್ತದೆಯೇ ಎಂದು ನೋಡಲು ಹೊರಟವರು. ಬರಲಿಲ್ಲ.

ಆಮೇಲೆ ಮೊದಲ ಬರವಣಿಗೆ. ‘ನೀವು ಆ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ. ಈ ನಾಲ್ಕು ಸಾಲು ಬರೆ ಎಂದು ನಿಮ್ಮ ಹಿರಿಯರು ಹೇಳುತ್ತಾರೆ. ನೀವೇನು ಮಾಡುತ್ತೀರಿ? ಐದು ನಿಮಿಷ.’ 38 ಚೀಟಿಗಳಲ್ಲಿ 21ರಲ್ಲಿ ರಾಜೀನಾಮೆ ಇತ್ತು. 11ರಲ್ಲಿ ‘ಬರೆದುಕೊಡುತ್ತೇನೆ, ಬೇರೆ ದಾರಿ ಇಲ್ಲ’ ಎಂಬರ್ಥದ ಮಾತಿತ್ತು. ಪೊಲೀಸರಿಗೆ, ಟಿ.ವಿ.ಯವರಿಗೆ ಹೇಳುವವರು ನಾಲ್ವರು. ಹಿರಿಯರನ್ನು ‘ಏಕೆ ಸರ್?’ ಎಂದು ಕೇಳುವವರು ಇಬ್ಬರು ಮಾತ್ರ.

ಈ ಲೆಕ್ಕವನ್ನು ಹಲಗೆಯ ಮೇಲೆ ಹಾಕಿ ಅವಧಿ ಮುಗಿಸಿದೆ. ಯಾರ ಚೀಟಿಯನ್ನೂ ಸರಿ, ತಪ್ಪು ಎನ್ನಲಿಲ್ಲ. ಹಿಂದೆ ಕೂತಿದ್ದ ಪ್ರಶಿಕ್ಷಣಾರ್ಥಿಯೊಬ್ಬರು ‘ಪುನರ್ಬಲನ ನೀಡಲಿಲ್ಲ’ ಎಂದು ವೀಕ್ಷಣಾ ಪುಸ್ತಕದಲ್ಲಿ ಗುರುತಿಸಿದ್ದರು. ಗಮನಿಸಿದ್ದು ಸರಿಯೇ. ಬೇಕೆಂದೇ ನೀಡಲಿಲ್ಲ. ರಾಜೀನಾಮೆ ಎಂದು ಬರೆದವರಿಗೆ ‘ಭೇಷ್’ ಎಂದುಬಿಟ್ಟರೆ, ಬೇರೆ ದಾರಿ ಇಲ್ಲ ಎಂದು ನಿಜ ಬರೆದ ಹನ್ನೊಂದು ಜನ ಮರುದಿನ ಮೇಡಂಗೆ ಇಷ್ಟವಾಗುವ ಉತ್ತರವನ್ನು ಬರೆಯುತ್ತಾರೆ.

ಎರಡನೆಯ ಅವಧಿ

ಮರುದಿನ ಹಿಂದಿನ ದಿನದ ಲೆಕ್ಕದಿಂದಲೇ ಆರಂಭಿಸಿದೆ. ಒಂದು ತುದಿಯಲ್ಲಿ ರಾಜೀನಾಮೆ, ಇನ್ನೊಂದು ತುದಿಯಲ್ಲಿ ತೆಪ್ಪಗೆ ಬರೆದುಕೊಡುವುದು. ನಡುವೆ ಏನಿದೆ ಎಂಬುದು ದಿನದ ಪ್ರಶ್ನೆ. ಅದಕ್ಕೂ ಮೊದಲು ಮೂರನೆಯ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಹೇಳಿದ ಮಾತನ್ನು ಹೆಚ್ಚುಕಡಿಮೆ ಅವಳದೇ ಶಬ್ದಗಳಲ್ಲಿ ಕೊಡುತ್ತೇನೆ. ‘ಮೇಡಂ, ನಮ್ಮಣ್ಣ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ. ಅವನ ಓದಿಗೆ ಅಪ್ಪ ಜಮೀನಿನ ಮೇಲೆ ಸಾಲ ತಗೊಂಡಿದಾರೆ. ತಿಂಗಳಾ ತಿಂಗಳಾ ಅವನು ಕಳಿಸೋ ದುಡ್ಡಲ್ಲೇ ಅದು ತೀರಬೇಕು. ನಿನ್ನೆ ರಾಜೀನಾಮೆ ಕೊಡ್ತೀನಿ ಅಂತ ಬರೆದೋರಿಗೆ ಸಾಲ ಇಲ್ಲ ಅಂತ ಕಾಣುತ್ತೆ.’

ತರಗತಿ ನಗಲಿಲ್ಲ. ನಾನೂ ಉತ್ತರ ಕೊಡಲಿಲ್ಲ. ‘ಇವರಣ್ಣ ಕೆಲಸ ಉಳಿಸಿಕೊಂಡೂ ಮಾಡಬಹುದಾದ್ದು ಏನಾದರೂ ಇದೆಯೇ?’ ಎಂದು ಪ್ರಶ್ನೆಯನ್ನು ಎಲ್ಲರಿಗೂ ಹಂಚಿದೆ. ಆ ದಿನದ ಪಾಠ ನಿಜವಾಗಿ ಶುರುವಾದದ್ದು ಅಲ್ಲಿಂದ. ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಮೌಲ್ಯ ಶಿಕ್ಷಣದ ಪಾಠದಲ್ಲಿ ಹಣದ ಮಾತು ಎತ್ತಿದ ಮಗುವನ್ನು ‘ಹಣವೇ ಮುಖ್ಯವಲ್ಲ’ ಎಂದು ಕೂರಿಸುವುದು ಬಹಳ ಸುಲಭ. ಕೂರಿಸಿದರೆ ಆ ಮಗು ಮತ್ತೆ ಏಳುವುದಿಲ್ಲ, ಪಾಠವೂ ಏಳುವುದಿಲ್ಲ.

ಮಕ್ಕಳು ಒಂದೊಂದೇ ಹೆಜ್ಜೆ ಹೇಳಿದರು, ನಾನು ಹಲಗೆಯ ಮೇಲೆ ಬರೆಯುತ್ತ ಹೋದೆ. ಏಕೆ ಎಂದು ಕೇಳುವುದು. ಹೇಳಿದ್ದನ್ನು ಇಮೇಲಿನಲ್ಲಿ ಕಳಿಸಿ ಎಂದು ಕೇಳುವುದು. (ಈ ಸಲಹೆ ಕೊಟ್ಟವನ ತಂದೆ ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುತ್ತಾರಂತೆ. ‘ಬರಹದಲ್ಲಿ ಕೊಡಿ ಅಂದರೆ ಅರ್ಧ ಜನ ವಾಪಸು ಹೋಗ್ತಾರೆ’ ಎಂದು ಅಪ್ಪ ಹೇಳುವುದುಂಟಂತೆ.) ಇದಕ್ಕೆ ಕಾನೂನು ಏನು ಹೇಳುತ್ತದೆ ಎಂದು ಹುಡುಕುವುದು. ಬೇರೆ ದಾರಿ ಸೂಚಿಸುವುದು. ಪಕ್ಕದವರಿಗೂ ಹೀಗೇ ಅನ್ನಿಸುತ್ತಿದೆಯೇ ಎಂದು ವಿಚಾರಿಸುವುದು. ಹಿರಿಯರ ಹಿರಿಯರ ಬಳಿ ಹೋಗುವುದು. ಈ ಒಂದು ಕೆಲಸ ನನಗೆ ಬೇಡ, ಬೇರೆ ಕೊಡಿ ಎನ್ನುವುದು. ಬೇರೆ ಕೆಲಸ ಹುಡುಕುತ್ತಲೇ ಇಲ್ಲಿ ಬರೆಯದೆ ಮುಂದೂಡುವುದು (ಇದು ನೀತಿಯೇ ಎಂದು ಜಗಳವಾಯಿತು, ಜಗಳ ಹಾಗೆಯೇ ಉಳಿಯಿತು). ಹೊರಗಿನ ಅಧಿಕಾರಿಗೆ ತಿಳಿಸುವುದು. ಬಿಟ್ಟುಹೋಗುವುದು.

ಆಮೇಲೆ ಪ್ರತಿ ಹೆಜ್ಜೆಯ ಪಕ್ಕದಲ್ಲಿ ಅದರ ಬೆಲೆ ಬರೆಯಲು ಹೇಳಿದೆ. ‘ಅಣ್ಣನಿಗೆ ಇದರಿಂದ ಏನು ಖರ್ಚಾಗುತ್ತದೆ?’ ಮೊದಲ ನಾಲ್ಕಕ್ಕೆ ಮಕ್ಕಳೇ ‘ಏನೂ ಇಲ್ಲ’, ‘ಸ್ವಲ್ಪ ಮುಜುಗರ’ ಎಂದು ಬರೆದರು. ಕೆಳಗೆ ಹೋದಂತೆ ಬೆಲೆ ಏರಿತು. ನೀತಿಯಂತೆ ನಡೆಯುವುದೆಂದರೆ ತಲೆ ಕೊಡುವುದು ಎಂದು ತಿಳಿದವರು ಏನನ್ನೂ ಮಾಡದೆ ಕೂರುತ್ತಾರೆ, ಏಕೆಂದರೆ ತಲೆ ಕೊಡಲು ಯಾರಿಗೂ ಇಷ್ಟವಿಲ್ಲ. ಮುಜುಗರದ ಬೆಲೆಗೆ ಸಿಗುವ ನಾಲ್ಕು ಹೆಜ್ಜೆಗಳು ಕಣ್ಣಿಗೆ ಬಿದ್ದರೆ ಅವನ್ನಾದರೂ ಇಡುತ್ತಾರೆ. ಸಾಲವಿದ್ದವರ ಮನೆಯ ಹುಡುಗಿ ಎತ್ತಿದ ಪ್ರಶ್ನೆ ಪೂರ್ತಿ ಬಗೆಹರಿಯಿತೆಂದು ನಾನು ಹೇಳಲಾರೆ. ಅರ್ಧ ಬಗೆಹರಿಯಿತು, ಉಳಿದರ್ಧ ನಿಜವಾಗಿಯೂ ಕಷ್ಟದ್ದು ಎಂಬುದು ಎಲ್ಲರಿಗೂ ತಿಳಿಯಿತು.

ಆ ಕಷ್ಟದ ಅರ್ಧವನ್ನು ತೋರಿಸಲು ಫೋಕ್ಸ್‌ವ್ಯಾಗನ್ ಪ್ರಕರಣದ ಒಳಗೆ ಮತ್ತೆ ಹೋದೆ. 2017ರಲ್ಲಿ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಾಗ, ನಡೆದದ್ದೇನು ಎಂಬ ಒಪ್ಪಿತ ಹೇಳಿಕೆಯೂ ಅದರ ಜೊತೆಗಿತ್ತು. ಅದರ ಪ್ರಕಾರ 2006ರಲ್ಲೇ, ಅಂದರೆ ಕಾರು ಮಾರುಕಟ್ಟೆಗೆ ಬರುವ ಮೊದಲೇ, ಕೆಲವು ಇಂಜಿನಿಯರುಗಳು ಈ ತಂತ್ರಾಂಶ ಸರಿಯಲ್ಲ ಎಂದು ಆಕ್ಷೇಪ ಎತ್ತಿದ್ದರು. ವಿಷಯ ಮೇಲಿನವರಿಗೂ ಹೋಯಿತು. ಆ ವರ್ಷದ ನವೆಂಬರ್ ಸುಮಾರಿಗೆ ನಡೆದ ಸಭೆಯಲ್ಲಿ ಮೇಲಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು, ಮುಂದುವರಿಸಿ, ಸಿಕ್ಕಿಬೀಳಬೇಡಿ ಎಂಬ ಅರ್ಥದ ಸೂಚನೆ ಕೊಟ್ಟರು. ಕೆಲಸ ಮುಂದುವರಿಯಿತು, ಒಂಬತ್ತು ವರ್ಷ. ನಡುವೆ ಕಾರುಗಳ ಭಾಗಗಳು ಕೆಡತೊಡಗಿದವು. ಕಾರು ರಸ್ತೆಯಲ್ಲಿದ್ದರೂ ಪರೀಕ್ಷೆಯಲ್ಲಿದ್ದೇನೆ ಎಂದು ತಿಳಿದು ಶುದ್ಧೀಕರಣವನ್ನು ಪೂರ್ತಿ ನಡೆಸುತ್ತಿರಬೇಕು ಎಂದು ಇಂಜಿನಿಯರುಗಳು ಊಹಿಸಿದರು. ಸ್ಟಿಯರಿಂಗ್ ಕೋನವನ್ನು ನೋಡುವ ಸಾಲು ಸೇರಿದ್ದು ಆಗ, ಮೋಸವನ್ನು ಇನ್ನಷ್ಟು ನಿಖರ ಮಾಡಲು.

ಈ ಭಾಗ ಹೇಳುವಾಗ ತರಗತಿಯ ಮುಖಗಳನ್ನು ನೋಡುತ್ತಿದ್ದೆ. ಆ ಇಂಜಿನಿಯರುಗಳಿಗೆ ಮೌಲ್ಯವೇ ಇರಲಿಲ್ಲ ಎಂಬ ಸುಲಭದ ವಿವರಣೆ ಇಲ್ಲಿ ಕುಸಿಯುತ್ತದೆ. ಅವರಿಗೆ ತಿಳಿದಿತ್ತು, ಕೆಲವರು ಹೇಳಿಯೂ ಹೇಳಿದರು. ಒಮ್ಮೆ ಹೇಳಿ, ‘ಇಲ್ಲ’ ಎಂಬ ಉತ್ತರ ಬಂದ ಮೇಲೆ ಮುಂದಿನ ಹೆಜ್ಜೆ ಯಾವುದೆಂಬುದು ಅಲ್ಲಿ ಸಿದ್ಧವಿರಲಿಲ್ಲ. ಹಲಗೆಯ ಮೇಲಿನ ಪಟ್ಟಿಯಲ್ಲಿ ‘ಹಿರಿಯರ ಹಿರಿಯರ ಬಳಿ ಹೋಗುವುದು’ ಎಂಬ ಸಾಲಿನ ಕೆಳಗೆ ಒಬ್ಬ ಹುಡುಗ ಬಂದು ಗೆರೆ ಎಳೆದ. ‘ಇಲ್ಲಿಗೆ ನಿಂತುಬಿಟ್ಟರು ಮೇಡಂ’ ಎಂದ. ಗೆರೆಯ ಮೇಲಿನ ಹೆಜ್ಜೆಗಳಿಗೆ ಬೆಲೆ ಕಡಿಮೆ, ಕೆಳಗಿನವಕ್ಕೆ ಹೆಚ್ಚು. 2006ರಲ್ಲಿ ಒಂದು ಕಾರೂ ಮಾರಾಟವಾಗಿರಲಿಲ್ಲ. ಆಗ ಗೆರೆ ದಾಟಿದ್ದರೆ ಕೆಲವರಿಗೆ ಬಡ್ತಿ ತಪ್ಪಬಹುದಿತ್ತು, ಕೆಲಸವೂ ಹೋಗಬಹುದಿತ್ತು. 2015ರ ಹೊತ್ತಿಗೆ ಬೆಲೆ ಬೇರೆಯೇ ಆಗಿತ್ತು. ಆ ತಂತ್ರಾಂಶದ ತಯಾರಿಯಲ್ಲಿ ಪಾಲ್ಗೊಂಡಿದ್ದ ಜೇಮ್ಸ್ ಲಿಯಾಂಗ್ ಎಂಬ ಇಂಜಿನಿಯರಿಗೆ 2017ರ ಆಗಸ್ಟ್‌ನಲ್ಲಿ 40 ತಿಂಗಳ ಸೆರೆವಾಸ, 2 ಲಕ್ಷ ಡಾಲರ್ ದಂಡವಾಯಿತು. 1983ರಿಂದ ಅದೇ ಕಂಪನಿಯಲ್ಲಿದ್ದವರು, ತನಿಖೆಗೂ ಸಹಕರಿಸಿದ್ದರು. ಆದರೂ ಸರ್ಕಾರಿ ವಕೀಲರು ಕೇಳಿದ್ದಕ್ಕಿಂತ ಹೆಚ್ಚಿನ ಶಿಕ್ಷೆಯನ್ನೇ ನ್ಯಾಯಾಧೀಶರು ಕೊಟ್ಟರು. ಕಂಪನಿಯ ಅಮೆರಿಕದ ಮುಖ್ಯಸ್ಥರು 2015ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ ಸಮಿತಿಯ ಮುಂದೆ, ಇದು ಒಂದಿಬ್ಬರು ತಂತ್ರಾಂಶ ಇಂಜಿನಿಯರುಗಳ ಕೆಲಸ ಎಂಬಂತೆ ಮಾತಾಡಿದ್ದನ್ನೂ ಹೇಳಿದೆ. ‘ಮೇಲಿನವರು ಹೇಳಿದರು, ಅದಕ್ಕೇ ಬರೆದೆ’ ಎನ್ನುವವರ ನೆರವಿಗೆ ಮೇಲಿನವರು ಬರುವುದಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಸಾಲದ ಮಾತೆತ್ತಿದ ಹುಡುಗಿಯೇ ಮೆಲ್ಲಗೆ, ‘ಅಂದರೆ ಬರೆದುಕೊಟ್ಟರೂ ಸಾಲ ತೀರಲ್ಲ’ ಎಂದಳು.

ಹೊರಗಿನವರಿಗೆ ತಿಳಿಸುವ ಹೆಜ್ಜೆಗೆ ಇನ್ನೊಂದು ಪ್ರಕರಣವನ್ನು ಚುಟುಕಾಗಿ ಸೇರಿಸಿದೆ. ಬ್ರಿಟನ್ನಿನ ಅಂಚೆ ಕಚೇರಿಗಳ ಲೆಕ್ಕಕ್ಕೆ ಬಂದ ‘ಹೊರೈಜ಼ನ್’ ಎಂಬ ತಂತ್ರಾಂಶದ ದೋಷದಿಂದ ಹಣ ಕಡಿಮೆ ತೋರಿಸಿ, 900ಕ್ಕೂ ಹೆಚ್ಚು ಜನ ಉಪ ಅಂಚೆ ಪಾಲಕರು ಕಳ್ಳತನ, ಸುಳ್ಳು ಲೆಕ್ಕದ ಅಪರಾಧಿಗಳಾದರು. ಅವರಿಗೆ ಗೊತ್ತಾಗದಂತೆ ಅವರ ಲೆಕ್ಕವನ್ನು ದೂರದಿಂದ ಬದಲಿಸಬಹುದಿತ್ತು ಎಂದು 2015ರಲ್ಲಿ ಬಿಬಿಸಿಯ ಕಾರ್ಯಕ್ರಮದಲ್ಲಿ ಹೇಳಿದವರು ರಿಚರ್ಡ್ ರೋಲ್. ಆ ತಂತ್ರಾಂಶ ನಡೆಸುತ್ತಿದ್ದ ಕಂಪನಿಯಲ್ಲಿ 2004ರವರೆಗೆ ಕೆಲಸ ಮಾಡಿದ್ದವರು. 2019ರಲ್ಲಿ ನ್ಯಾಯಾಲಯದಲ್ಲೂ ಸಾಕ್ಷಿ ನುಡಿದರು. ಆ ಮೊಕದ್ದಮೆಯನ್ನು ಅಂಚೆ ಪಾಲಕರು ಗೆದ್ದರು. ‘ಹತ್ತು ವರ್ಷ ತಡ’ ಎಂದ ಒಬ್ಬ. ‘ಹೇಳದೇ ಇದ್ದಿದ್ದರೆ?’ ಎಂದಳು ಇನ್ನೊಬ್ಬಳು. ಸಮಯವಿದ್ದರೆ ಈ ಪ್ರಕರಣಕ್ಕೇ ಒಂದು ಅವಧಿ ಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಬೇಕಾಗುವ ಸಾಮಗ್ರಿ

ಪಾಠದ ಹಿಂದೆ ಬೋಧಕರ ಕೈಯಲ್ಲಿ ಇರಬೇಕಾದ ಕೆಲವು ವಿಷಯಗಳನ್ನು ಮಕ್ಕಳ ಮುಂದೆ ನಾನು ಪೂರ್ತಿ ಇಡಲಿಲ್ಲ. ವೃತ್ತಿಸಂಘಗಳ ನೀತಿ ಸಂಹಿತೆಗಳು ಅವುಗಳಲ್ಲಿ ಮೊದಲನೆಯವು. ಎಸಿಎಂ ಎಂಬ ಗಣಕ ವೃತ್ತಿಪರರ ಸಂಘದ ಸಂಹಿತೆ 1992ರಲ್ಲೂ 2018ರಲ್ಲೂ ಹೊಸದಾಗಿ ಬಂತು. ಅದೇ ಸಂಘವು ಐಇಇಇ ಕಂಪ್ಯೂಟರ್ ಸೊಸೈಟಿಯೊಡನೆ ಸೇರಿ 1999ರಲ್ಲಿ ತಂತ್ರಾಂಶ ಇಂಜಿನಿಯರುಗಳಿಗಾಗಿಯೇ ಎಂಟು ತತ್ವಗಳ ಸಂಹಿತೆ ತಂದಿತು. ಆ ಎಂಟರಲ್ಲಿ ಮೊದಲನೆಯದು ಸಾರ್ವಜನಿಕರ ಹಿತ, ಎರಡನೆಯದು ಗ್ರಾಹಕ ಮತ್ತು ಮಾಲೀಕರ ಹಿತ. ಈ ಕ್ರಮ ಸುಮ್ಮನೆ ಬಂದದ್ದಲ್ಲ. ತಪ್ಪು ಕಂಡಾಗ ಮೊದಲು ಸಂಬಂಧಪಟ್ಟವರೊಡನೆ ಮಾತಾಡಬೇಕು, ಅದು ಸಾಧ್ಯವಿಲ್ಲದಿದ್ದರೆ ಅಥವಾ ಅಪಾಯವಾಗಿದ್ದರೆ ಸೂಕ್ತ ಅಧಿಕಾರಿಗೆ ತಿಳಿಸಬೇಕು ಎಂದೂ ಅದರಲ್ಲಿದೆ. 2018ರ ಸಂಹಿತೆ ಇನ್ನೊಂದು ಎಚ್ಚರಿಕೆ ಸೇರಿಸುತ್ತದೆ: ವಿಚಾರ ಮಾಡದೆ ಹೊರಗೆ ದೂರುವುದರಿಂದಲೂ ಹಾನಿಯಾಗಬಹುದು. ಟಿ.ವಿ.ಯವರಿಗೆ ಹೇಳುತ್ತೇನೆ ಎಂದ ನಾಲ್ವರಿಗೆ ಇದನ್ನು ಓದಿ ಹೇಳಿದೆ.

ವೈದ್ಯರಿಗೆ, ವಕೀಲರಿಗೆ ಇರುವಂತೆ ಪರವಾನಗಿ ಕೊಡುವ, ಹಿಂತೆಗೆಯುವ ಪರಿಷತ್ತು ತಂತ್ರಾಂಶ ವೃತ್ತಿಗೆ ನಮ್ಮಲ್ಲಿ ಇಲ್ಲ. ಹಾಗಾಗಿ ಈ ಸಂಹಿತೆಗಳನ್ನು ಮುರಿದರೆ ಯಾರೂ ಕೆಲಸ ಮಾಡುವ ಹಕ್ಕು ಕಳೆದುಕೊಳ್ಳುವುದಿಲ್ಲ. ಇದನ್ನು ಮುಚ್ಚಿಟ್ಟು ಪಾಠ ಮಾಡಬಾರದು. ಕಾನೂನಿನ ಆಸರೆಯೂ ಸೀಮಿತ. 2014ರ ಮಾಹಿತಿದಾರರ ರಕ್ಷಣಾ ಕಾಯ್ದೆ ಸರ್ಕಾರಿ ನೌಕರರ ಭ್ರಷ್ಟಾಚಾರ, ಅಧಿಕಾರ ದುರುಪಯೋಗದ ದೂರುಗಳಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯೊಳಗಿನ ತಪ್ಪಿಗೆ ಅದು ಒದಗುವುದಿಲ್ಲ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು ಉದ್ಯೋಗಿಗಳ ಇಂಥ ದೂರಿಗೆ ಒಂದು ವ್ಯವಸ್ಥೆ ಮಾಡಿರಬೇಕು, ದೂರಿದವರಿಗೆ ಕಿರುಕುಳವಾಗದಂತೆ ನೋಡಿಕೊಳ್ಳಬೇಕು. ಹತ್ತು ಜನರ ಸ್ಟಾರ್ಟಪ್ಪಿನಲ್ಲಿ ಇದನ್ನು ನಿರೀಕ್ಷಿಸಲಾಗದು. ನಮ್ಮ ಮಕ್ಕಳಲ್ಲಿ ಅನೇಕರು ಸೇರುವುದು ಅಲ್ಲಿಗೇ.

ಪಾಠದ ನಂತರದ ವಿಮರ್ಶಾ ಸಭೆಯಲ್ಲಿ ನಾನು ಯೋಜಿಸದೇ ಇದ್ದ ಒಂದು ಚರ್ಚೆ ನಡೆಯಿತು. ಪ್ರಶಿಕ್ಷಣಾರ್ಥಿಯೊಬ್ಬರು ನಗುತ್ತಲೇ, ‘ಮೇಡಂ, ವೀಕ್ಷಕರು ಬಂದ ದಿನ ನಮ್ಮ ಪಾಠವೂ ಆ ಕಾರಿನ ಹಾಗೇ ನಡೆಯುತ್ತಲ್ಲ’ ಎಂದರು. ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದವರು ಕಂಡರೆ ಚಾರ್ಟು ಹೊರಬರುತ್ತದೆ, ಮೊದಲೇ ಹೇಳಿಕೊಟ್ಟ ಮಗು ಕೈ ಎತ್ತುತ್ತದೆ, ಇಲ್ಲವಾದರೆ ಕಡಿಮೆ. ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ನನ್ನ ಅಭಿಪ್ರಾಯದಲ್ಲಿ ಹೋಲಿಕೆ ಮುಕ್ಕಾಲು ಪಾಲು ಸರಿ. ಪರೀಕ್ಷೆಯ ದಿನ ಚೆನ್ನಾಗಿ ಕಾಣಬೇಕೆಂಬ ಆಸೆ ಮನುಷ್ಯಸಹಜ. ಮೊದಲೇ ಹೇಳಿಕೊಟ್ಟ ಉತ್ತರವನ್ನು ‘ವಿದ್ಯಾರ್ಥಿಗಳು ಸ್ವಯಂಪ್ರೇರಣೆಯಿಂದ ಉತ್ತರಿಸಿದರು’ ಎಂದು ಪಾಠ ದಾಖಲೆಯಲ್ಲಿ ಬರೆದಾಗ ಅದು ಬೇರೆಯಾಗುತ್ತದೆ. ಹಾಗೆ ಬರೆಯಿರಿ ಎಂದು ಹಿರಿಯರು ಹೇಳಿದಾಗ ಹಲಗೆಯ ಮೇಲಿನ ಪಟ್ಟಿ ನಮಗೂ ಅನ್ವಯಿಸುತ್ತದೆಯೇ ಎಂದು ಅವರು ಕೇಳಿದರು. ಅನ್ವಯಿಸುತ್ತದೆ ಎಂದೆ. ಬೋಧಕರಾಗಿ ನಮ್ಮ ಕಡೆಯಿಂದಲೂ ಒಂದು ಕೆಲಸವಿದೆ: ಕೆಟ್ಟದಾಗಿ ನಡೆದ ಪಾಠವನ್ನು ನಡೆದಂತೆ ಬರೆದವರಿಗೆ ಅಂಕ ಕಳೆಯದಿರುವುದು. ಈ ಸಲ ದಾಖಲೆ ಪುಸ್ತಕ ತಿದ್ದುವಾಗ ಅದನ್ನು ಪಾಲಿಸುತ್ತಿದ್ದೇವೆ.

ಮೌಲ್ಯಮಾಪನ

ಮೌಲ್ಯಮಾಪನಕ್ಕೆ ಕಾರನ್ನು ಬಿಟ್ಟು ಮಕ್ಕಳಿಗೆ ಹತ್ತಿರದ, ಸಣ್ಣ ಪ್ರಕರಣ ಕೊಟ್ಟೆ. ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆ್ಯಪ್. ‘ಇನ್ನು ಎರಡೇ ಸೀಟು ಬಾಕಿ!’ ಎಂದು ತೋರಿಸಬೇಕು. ಸಂಖ್ಯೆಯನ್ನು ನಿಜವಾದ ಸೀಟುಗಳಿಂದ ತೆಗೆದುಕೊಳ್ಳಬೇಡ, ರ‍್ಯಾಂಡಮ್ ಬಳಸಿ 1ರಿಂದ 3ರೊಳಗೆ ಯಾವುದಾದರೂ ತೋರಿಸು ಎಂದು ನಿಮ್ಮ ಹಿರಿಯರು ಹೇಳಿದ್ದಾರೆ. ರ‍್ಯಾಂಡಮ್ ಅವರಿಗೆ ಪಾಠವಾಗಿದೆ. ಒಂದೇ ಸಾಲಿನ ಕೆಲಸ. ಸಾಯುವವರಿಲ್ಲ, ಹೊಗೆ ಇಲ್ಲ. ವೃತ್ತಿಯ ಮೊದಲ ವರ್ಷದಲ್ಲಿ ಎದುರಾಗುವುದು ಹೆಚ್ಚಾಗಿ ಇಂಥದ್ದೇ. ಇದಕ್ಕೆ ನಿಯಮವೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದ್ದಾರೆ. ಸುಳ್ಳು ತುರ್ತನ್ನು, ಸುಳ್ಳು ಕೊರತೆಯನ್ನು ತೋರಿಸುವುದು ಅವುಗಳಲ್ಲಿ ಒಂದು. ಪಾಠದ ಕೊನೆಗೆ ಇದನ್ನು ಹೇಳಿ, ಹಿರಿಯರಿಗೆ ಒಂದು ಇಮೇಲ್ ಬರೆದು ತನ್ನಿ ಎಂದು ಮನೆಗೆಲಸ ಕೊಟ್ಟೆ. ಕನ್ನಡದಲ್ಲೇ ಬರೆಯಲು ಹೇಳಿದೆ. ಕಚೇರಿಯಲ್ಲಿ ಅವರು ಇಂಗ್ಲಿಷಿನಲ್ಲೇ ಬರೆಯುವುದು ಎಂದು ಗೊತ್ತು. ಆದರೆ ಇಂಗ್ಲಿಷಿನ ಸಿದ್ಧ ವಿನಯವಾಕ್ಯಗಳ ಹಿಂದೆ ಹೇಳಬೇಕಾದ ಮಾತು ಅಡಗಿಬಿಡುತ್ತದೆ. ತಾಯ್ನುಡಿಯಲ್ಲಿ ಒಮ್ಮೆ ನೇರವಾಗಿ ಹೇಳಿ ನೋಡಿದರೆ ಆಮೇಲೆ ಯಾವ ಭಾಷೆಗಾದರೂ ತಿರುಗಿಸಿಕೊಳ್ಳಬಹುದು.

ಸಾಲದ ಮಾತೆತ್ತಿದ ವಿದ್ಯಾರ್ಥಿನಿಯ ಪತ್ರ ಇದು. ‘ಸರ್, ಸೀಟಿನ ಸಂಖ್ಯೆ ತೋರಿಸುವ ಕೆಲಸ ನೋಡಿದೆ. ರ‍್ಯಾಂಡಮ್ ಹಾಕಿದರೆ ಬಸ್ ಖಾಲಿ ಇದ್ದರೂ ಎರಡೇ ಸೀಟು ಅಂತ ಬರುತ್ತದೆ. ಇದು 2023ರ ಗ್ರಾಹಕ ಮಾರ್ಗಸೂಚಿಗೆ ವಿರುದ್ಧ ಎಂದು ಓದಿದ್ದೇನೆ. ನಿಜವಾದ ಸಂಖ್ಯೆ ಐದಕ್ಕಿಂತ ಕಡಿಮೆಯಾದಾಗ ಮಾತ್ರ ತೋರಿಸುವಂತೆ ಇವತ್ತೇ ಬರೆದುಕೊಡಬಲ್ಲೆ. ರ‍್ಯಾಂಡಮ್ಮೇ ಬೇಕೆಂದರೆ ದಯವಿಟ್ಟು ಈ ಇಮೇಲಿಗೆ ಉತ್ತರವಾಗಿ ತಿಳಿಸಿ. ಅಲ್ಲಿಯವರೆಗೆ ಈ ಭಾಗ ಬರೆಯದೆ ಉಳಿದದ್ದನ್ನು ಮುಗಿಸುತ್ತೇನೆ.’

ಅಂಕಗಳಿಗೆ ನಾಲ್ಕು ಅಂಶ ಇಟ್ಟಿದ್ದೆವು: ಏನು ತಪ್ಪು ಎಂದು ಸ್ಪಷ್ಟವಾಗಿ ಹೇಳಿರುವುದು, ಆಧಾರ ಕೊಟ್ಟಿರುವುದು, ಬೇರೆ ದಾರಿ ತೋರಿಸಿರುವುದು, ಉತ್ತರ ಬಾರದಿದ್ದರೆ ಅಥವಾ ‘ಇಲ್ಲ’ ಎಂದು ಬಂದರೆ ಮುಂದೇನು ಎಂದು ಯೋಚಿಸಿರುವುದು. ಆಕೆಯ ಪತ್ರಕ್ಕೆ ಪೂರ್ಣ ಅಂಕ ಕೊಡಬೇಕೆಂದು ನಾಲ್ವರು ಪ್ರಶಿಕ್ಷಣಾರ್ಥಿಗಳು, ಬೇಡವೆಂದು ಮೂವರು. ಹಿರಿಯರು ‘ಹೌದು, ರ‍್ಯಾಂಡಮ್ಮೇ ಹಾಕು’ ಎಂದು ಇಮೇಲಿನಲ್ಲೇ ಬರೆದುಬಿಟ್ಟರೆ ಆಕೆ ಏನು ಮಾಡುತ್ತಾಳೆಂದು ಪತ್ರದಲ್ಲಿಲ್ಲ ಎಂಬುದು ಮೂವರ ವಾದ. ಮೊದಲ ಪತ್ರದಲ್ಲೇ ಅದನ್ನು ಬರೆದರೆ ಬೆದರಿಕೆಯಂತೆ ಕೇಳಿಸುತ್ತದೆ ಎಂಬುದು ನಾಲ್ವರ ವಾದ. ಕೊನೆಗೆ ಐದಕ್ಕೆ ನಾಲ್ಕು ಕೊಟ್ಟೆವು. ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ‘ಹೌದು ಎಂದು ಉತ್ತರ ಬಂತು. ಎರಡನೆಯ ಪತ್ರ ಬರೆ’ ಎಂದು ಬರೆದು ವಾಪಸು ಕಳಿಸಿದ್ದೇವೆ.